ಸಿಮೋನನ ಅಂಗಿ

ಹಟ್ಟಿಯ ಲ್ಯಾಂಪ್ ರೂಮಿನ ಬೆಂಚಿನ ಮೇಲೆ
ಎರಡನೇ ಪಾಳಿ ಇಳಿಯುವ ಮೊದಲು
ಮಗಳ ಪರೀಕ್ಷೆಯ ಪುಸ್ತಕದಿಂದ ಆದಪ್ಪ ಓದಿದ:
ಯೆರೂಸಲೇಮು ಸುಟ್ಟು ಬಿದ್ದಾಗ
ಗಿಯೋರನ ಮಗ ಸಿಮೋನ
ರೋಮಿನವರ ಕೈಗೆ ಸಿಗದೆ ನೆಲದೊಳಗೆ ಇಳಿದನಂತೆ,
ಕಲ್ಲುಕುಟಿಗರು ಜೊತೆಗೆ, ಉಳಿ ಸುತ್ತಿಗೆ,
ಬಹಳ ದಿನಕ್ಕಾಗುವಷ್ಟು ಬುತ್ತಿ.
ಸುರಂಗ ಹೊಡೆದು ದೂರದಲ್ಲೆಲ್ಲೋ ಏಳಬೇಕು,
ಅದು ಲೆಕ್ಕ.

ನಾವು ನಕ್ಕೆವು. ನಗಬಾರದಿತ್ತು. ಆದರೆ
ಮೂವತ್ತೊಂದು ವರ್ಷ ಡ್ರಿಲ್ಲು ಹಿಡಿದ ಕೈಗೆ ಗೊತ್ತು:
ಬರೀ ಉಳಿಯಲ್ಲಿ ದಿನಕ್ಕೆ ಒಂದು ಗೇಣು,
ಅದೂ ಬಂಡೆ ಒಳ್ಳೆ ಮನಸ್ಸಿನಲ್ಲಿದ್ದರೆ.
ಒಡೆದ ಕಲ್ಲು ಎಲ್ಲಿ ಸುರಿದಿರಿ, ಸಿಮೋನ?
ಎಣ್ಣೆದೀಪ ನಿಮ್ಮ ಉಸಿರನ್ನೇ ಕುಡಿಯುತ್ತದೆ,
ಯಾರೂ ಹೇಳಲಿಲ್ಲವೆ?
ಮುಂದೆ ಕಲ್ಲು, ಹಿಂದೆ ಸುಟ್ಟ ಊರು,
ನಡುವೆ ಬೆವರು, ಉಚ್ಚೆ, ಎಣಿಸಿ ಹಂಚಿದ ರೊಟ್ಟಿ.
ರೊಟ್ಟಿ ಮುಗಿಯುತ್ತದೆ. ಬಂಡೆ ಮುಗಿಯುವುದಿಲ್ಲ.
ಒಬ್ಬ ಮೇಸ್ತ್ರಿಯಾದರೂ ಇರಲಿಲ್ಲವೆ?
"ಇದ್ದಿರಬೇಕೋ ಮಾರಾಯ, ದೊರಿ ಕೇಳಬೇಕಲ್ಲ"
ಅಂದ ಆದಪ್ಪ.

ಒಳ್ಳೆಯವನೇನಲ್ಲ ಅವನು.
ಗುಲಾಮರಿಗೆ ಬಿಡುಗಡೆ ಎಂದು ಡಂಗುರ ಸಾರಿದ,
ತನ್ನವರನ್ನೂ ಕೊಲ್ಲಿಸಿದ.
ವೈರಿ ಹೊರಗೆ ನಿಂತಿದ್ದಾಗ ಒಳಗೊಳಗೇ ಬಣಗಳು ಕಾದಾಡಿ
ಕಾಳಿನ ಕಣಜಗಳಿಗೆ ಬೆಂಕಿ ಬಿತ್ತು.
"ಥೇಟ್ ನಮ್ಮ ಯೂನಿಯನ್ನು"
ಅಂದ ಬಡೇಸಾಬ. ಈ ಸಲ ಎಲ್ಲರೂ ನಗಲಿಲ್ಲ.

ಆಮೇಲೆ ಬಂತು ಅಂಗಿ.
ಬುತ್ತಿ ತೀರಿದ ದಿನ ಸಿಮೋನ
ಬಿಳಿ ಅಂಗಿ ತೊಟ್ಟು, ಮೇಲೆ ಕೆನ್ನೀಲಿ ಶಲ್ಯ ಹೊದ್ದು
ಗುಡಿ ಇದ್ದ ಜಾಗದಲ್ಲಿ, ನೆಲದೊಳಗಿಂದ ಎದ್ದು ನಿಂತ.
ಸಿಪಾಯಿಗಳು ಒಂದು ಗಳಿಗೆ ಕಲ್ಲಾದರು.
ಯಾರು ನೀನು?
ಹೇಳಲಿಲ್ಲ. ನಿಮ್ಮ ಅಧಿಕಾರಿಯನ್ನು ಕರೆಯಿರಿ, ಅಂದ.

ನಾವೂ ಏಳುತ್ತೇವೆ ದಿನಾ, ಮಲ್ಲಪ್ಪ ಶಾಫ್ಟಿನ ಬಾಯಿಂದ,
ಕಣ್ಣಿನ ಬಿಳುಪೊಂದು ಬಿಟ್ಟು ಮೈಯೆಲ್ಲ ಬೂದಿ.
ಯಾರೂ ಕಲ್ಲಾಗುವುದಿಲ್ಲ.
ಗೇಟಿನವನು ಜೇಬು ತಡವುತ್ತಾನೆ,
ಚಿನ್ನ ಅಂಟಿದೆಯೋ ಎಂದು ಉಗುರಿನ ಸಂದು ನೋಡುತ್ತಾನೆ.
ಯಾರು ನೀನು?
ನಾಕ್ನೂರಾ ಹದಿನೇಳು.

ಒಮ್ಮೆ ಹೀಗೇ ಹೊಡೆಯುತ್ತಾ
ಹಳೇ ಕೆಲಸಕ್ಕೆ ತೂತು ಬಿತ್ತು.
ಎರಡು ಸಾವಿರ ವರ್ಷವೋ, ಇನ್ನೂ ಹೆಚ್ಚೋ,
ತಣ್ಣನೆ ಕತ್ತಲೆ ಮುಖಕ್ಕೆ ರಾಚಿತು.
ಮಸಿ ಹಿಡಿದ ಗೋಡೆ. ಒಂದು ಬೊಗಸೆ ಇದ್ದಿಲು.
ಕಟ್ಟಿಗೆ ಉರಿಸಿ ಬಂಡೆ ಕಾಯಿಸಿ
ನೀರು ಎರಚಿ ಸೀಳಿದವರು.
ಯಾವ ದೊರೆ ಇಳಿಸಿದ್ದನೋ,
ಹತ್ತಿದವರನ್ನು ಯಾರು ಎಣಿಸಿದರೋ.
ಆದಪ್ಪ ಅವತ್ತು ಒಂದು ಚಿಟಿಕೆ ಇದ್ದಿಲು
ಹಣೆಗೆ ಹಚ್ಚಿಕೊಂಡ. ಯಾಕೆಂದು ನಾನು ಕೇಳಲಿಲ್ಲ.

ಸಿಮೋನನ ಕೊರಳಿಗೆ ಹಗ್ಗ ಹಾಕಿ
ರೋಮಿನ ಬೀದಿಯಲ್ಲಿ ಎಳೆದರು.
ಸತ್ತ ಸುದ್ದಿ ಬರುವ ತನಕ ಮೆರವಣಿಗೆ ಕಾದು ನಿಂತಿತ್ತು,
ಬಂತು, ಕೇಕೆ ಹಾಕಿದರು, ಉಣ್ಣಲು ಹೋದರು.

ನನ್ನನ್ನು ಕಾಡುವುದು ಆ ಅಂಗಿ.
ಅಷ್ಟು ದಿನದ ದೂಳಿನಲ್ಲಿ ಅದನ್ನು ಎಲ್ಲಿಟ್ಟಿದ್ದ?
ಬುತ್ತಿಯ ಜೊತೆಗೇ ಗಂಟು ಕಟ್ಟಿ ತಂದಿದ್ದನೆ?
ಹಾಗಾದರೆ ಮೊದಲ ಉಳಿಪೆಟ್ಟಿಗೂ ಮುಂಚೆ
ಅವನಿಗೆ ಗೊತ್ತಿತ್ತು.
ಕುಟಿಗರಿಗೆ ಹೇಳಲಿಲ್ಲ.

ಅವರೇನಾದರು? ಅಂದೆ.
ಆದಪ್ಪ ಪುಟ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ.
ಮುಂದಿನ ಪಾಠ ಬೇರೆ.

ಗಂಟೆ ಬಡಿಯಿತು, ಮೂರು ಪೆಟ್ಟು:
ಪಂಜರದಲ್ಲಿ ಮನುಷ್ಯರಿದ್ದಾರೆ, ನಿಧಾನ.