ಹಾಳೆಯ ಬೆನ್ನು

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಫ್ಲೋರೆಸ್ ದ್ವೀಪದಲ್ಲಿ ಗಾಳಿ ಬಾರದ ದಿನವೇ ಇಲ್ಲ;
ನನ್ನ ಮೊರದಲ್ಲಿ ಕಾಳಿರಲಿಲ್ಲ, ಅಷ್ಟೆ.

ನಾನು ಎರ್ಮೀನಿಯೊ, ಕ್ಷೌರದವನು.
ಹದಿನೈದು ದಿನಕ್ಕೊಮ್ಮೆ ಒಂದು ಹಾಳೆ ಅಚ್ಚು ಹಾಕುತ್ತೇನೆ:
ಯಾರ ಹಸು ಬಂಡೆಯಂಚಿನಿಂದ ಜಾರಿತು,
ಯಾವ ದೋಣಿ ಮೂರು ದಿನ ತಡವಾಯಿತು,
ಕತ್ತಿಯ ಕೆಳಗೆ ಕೂತವರು
ಗಲ್ಲ ಅಲುಗದಂತೆ ಆಡಿದ ಮಾತು.
ನಲವತ್ತು ಪ್ರತಿ. ಖರ್ಚಾಗುತ್ತಿದ್ದದ್ದು ಹನ್ನೊಂದು.
ಉಳಿದವುಗಳಲ್ಲಿ ಗಿರಾಕಿಗಳ ನೊರೆ ಒರೆಸುತ್ತಿದ್ದೆ.
ನನ್ನ ಬರವಣಿಗೆ ಊರಿನ ಮುಖ ಮುಟ್ಟಿದ್ದು ಹಾಗೆ.

ಬೇರೆ ದ್ವೀಪಗಳಲ್ಲೂ ನನ್ನಂಥ ಹುಚ್ಚರಿದ್ದರು.
ಪೀಕೊದಲ್ಲಿ ದಿಯೊಲಿಂಡಾ,
ಕರಿಕಲ್ಲ ಗೋಡೆಗಳ ನಡುವಿನ ದ್ರಾಕ್ಷಿಬಳ್ಳಿಯ ಮೇಲೆ ಬರೆಯುವವಳು;
ಸಾಂವ್ ಜೋರ್ಜಿನಲ್ಲಿ ಚೀಸು ಮಾಡುವ ತಿಬೂರ್ಸಿಯೊ;
ಗ್ರಾಸಿಯೋಜಾದಲ್ಲಿ ಇಗರ್ಜಿಯ ಗಂಟೆ ಬಾರಿಸುವವನೊಬ್ಬ,
ಸತ್ತವರ ಅಡ್ಡಹೆಸರುಗಳನ್ನಷ್ಟೇ ಅಚ್ಚು ಹಾಕುವವನು.

ಎಲ್ಲರಿಗೂ ಒಂದೇ ಒಕ್ಕಣೆ ಬರೆದೆ:
ಮಾನ್ಯರೇ, ನಿಮ್ಮ ಓದುಗರಿಗೆ ನನ್ನ ಬಗ್ಗೆ ನಾಲ್ಕು ಮಾತು ಹೇಳಿ,
ನನ್ನವರಿಗೆ ನಿಮ್ಮ ಬಗ್ಗೆ ನಾನು ಹೇಳುವೆ.
(ನನ್ನವರು ಹನ್ನೊಂದು ಜನವೆಂದು ಬರೆಯಲಿಲ್ಲ.)
ಕಾರ್ಬನ್ ಹಾಳೆ ಇಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು,
ಆಮೇಲೆ ಒಂದೊಂದಾಗಿ ತುಂಬಿದೆ.
ಒಂದರಲ್ಲಿ ತುಂಬುವುದನ್ನೇ ಮರೆತೆ.

ಉತ್ತರ ಬಂದದ್ದು ಅದೊಂದಕ್ಕೇ:

ಶ್ರೀಮಾನ್ ಖಾಲಿಜಾಗ ಅವರಿಗೆ,
ನಿಮ್ಮ ಪತ್ರ ತಲುಪಿತು. ಯಾರಿಗೆ ಬರೆದದ್ದೆಂದು ತಿಳಿಯಲಿಲ್ಲ.
ದಿಯೊಲಿಂಡಾ.

ಜೊತೆಗೆ ತನ್ನದೊಂದು ಹಾಳೆ ಮಡಿಸಿಟ್ಟಿದ್ದಳು,
ಚುಚ್ಚಲಿಕ್ಕೋ, ಸುಮ್ಮನೆಯೋ.

ಆ ಜನವರಿ ಒಂಬತ್ತು ದಿನ ದೋಣಿಯಿಲ್ಲ.
ಗಡ್ಡ ಬೆಳೆದರೂ ಯಾರೂ ಹೊರಗೆ ಬರಲಿಲ್ಲ.
ಅವಳ ಹಾಳೆ ಓದಿದೆ. ಓದಿದ್ದನ್ನೇ ಓದಿದೆ.
ಸಂದಿ ಬಿಡದೆ ಕಟ್ಟಿದ ಗೋಡೆಯನ್ನು
ಗಾಳಿ ಮೊದಲು ಕೆಡವುತ್ತದೆ, ಎಂದಿತ್ತು ಅದರಲ್ಲಿ.
ಅಪ್ಪ ಕಲಿಸಿದ್ದಂತೆ.

ನನ್ನ ಅಂಗಡಿಯ ಹಿಂದಿನ ಗೋಡೆ ಎರಡು ಸಲ ಬಿದ್ದಿತ್ತು.
ಕೇಳಿದೆ: ಸಂದಿ ಎಷ್ಟಿರಬೇಕು?
ನನ್ನ ಹಾಳೆಯ ಮಾತೆತ್ತಲಿಲ್ಲ; ಎತ್ತಬಾರದೆಂದಲ್ಲ,
ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಗೋಡೆ.

ಮೂರು ಬೆರಳು ಹೋಗಬೇಕು,
ಮುಷ್ಟಿ ಹೋಗಬಾರದು, ಎಂದು ಬಂತು.
ಕಟ್ಟಿದೆ. ನಿಂತಿತು. ನಿಂತಿತೆಂದು ಬರೆದೆ.
ಮಳೆಗಾಲವೂ ತಡೆಯಲಿ, ಆಮೇಲೆ ಹೇಳು, ಅಂದಳು.
ತಡೆಯಿತು. ಹೇಳಿದೆ.
ಹೀಗೇ ಎರಡು ವರ್ಷ, ಗೋಡೆಯಿಂದ ಬಳ್ಳಿಗೆ,
ಬಳ್ಳಿಯಿಂದ ಅವಳ ಮೊಣಕಾಲ ನೋವಿಗೆ,
ಅಲ್ಲಿಂದ, ಹೇಗೋ, ತಿಬೂರ್ಸಿಯೊನ ಕೆಟ್ಟ ವ್ಯಾಕರಣಕ್ಕೆ.

ಮೂರನೆಯ ವರ್ಷ ಅವಳ ಯಂತ್ರದ ಉರುಳೆ ಸೀಳಿತು.
ಲಿಸ್ಬನ್ನಿನಿಂದ ಬರಬೇಕು, ಯಾವಾಗಲೋ.
ನಾನು ಬರೆದೆ: ನನ್ನ ಹಾಳೆಯ ಬೆನ್ನು
ಹನ್ನೆರಡು ವರ್ಷದಿಂದ ಖಾಲಿ ಬಿದ್ದಿದೆ.
ಒಂದು ಮಗ್ಗುಲಿಗೆ ಸಾಕಾಗುವಷ್ಟೇ ನನ್ನ ಬುದ್ಧಿ.
ಇನ್ನೊಂದು ನಿನಗೆ.

ಆ ಸಲ ಮುನ್ನೂರು ಪ್ರತಿ ಒತ್ತಿದೆ.
ಇನ್ನೂರ ಅರವತ್ತು ದೋಣಿ ಹತ್ತಿ ಪೀಕೊಗೆ ಹೋದವು.
ಭುಜ ಇಂದಿಗೂ ನೋಯುತ್ತದೆ.

ತಿಂಗಳಾದ ಮೇಲೆ ಒಂದು ಕಾಗದ,
ಪರಿಚಯವಿಲ್ಲದ ಕೈಬರಹ, ಪೀಕೊದ ಅಂಚೆಮುದ್ರೆ:

ದಿಯೊಲಿಂಡಾಳ ಹಾಳೆಯ ಹಿಂಬದಿಯಲ್ಲಿ
ಯಾವುದೋ ಹಸು ಬಂಡೆಯಿಂದ ಜಾರಿದ ಸುದ್ದಿಯಿದೆ.
ಅರ್ಧಕ್ಕೇ ನಿಲ್ಲಿಸಿದ್ದೀರಿ. ಅದು ಬದುಕಿತೇ?

ಹಿಂಬದಿ! ಅಂಗಡಿಯಲ್ಲಿ ಜೋರಾಗಿ ಓದಿದೆ.
ಕುರ್ಚಿಯಲ್ಲಿದ್ದವನು ನಕ್ಕ, ಕಿವಿಯ ಬಳಿ ಸ್ವಲ್ಪ ಗಾಯವಾಯಿತು.
ಹಾಗಾದರೆ ಬೆನ್ನು ನನ್ನದೇ.
ಮಗುಚಿ ನೋಡಿದ ಕೈ ಒಂದಿದೆ.

ಈಗ ನೊರೆ ಒರೆಸಲು ಹಾಳೆ ಉಳಿಯುವುದಿಲ್ಲ,
ಟವೆಲು ಕೊಂಡಿದ್ದೇನೆ.

ಅಂದು ರಾತ್ರಿ ಕಾರ್ಬನ್ ಇಡದೆ ಬರೆಯಲು ಕೂತೆ.
ಮೊದಲು ಹೆಸರು, ಪೂರ್ತಿ, ಒಂದಕ್ಷರ ಬಿಡದೆ:
ಶ್ರೀಮತಿ ಫ್ಲೊರಿಪೆಸ್ ದಾ ಸಿಲ್ವೇಯ್ರಾ ಅವರಿಗೆ.
ಆಮೇಲೆ: ಬದುಕಿದೆ.
ಒಂದು ಕೊಂಬು ಹೋಯಿತು.
ಅದರ ಹೆಸರು ಮಲ್ಯಾಡಾ.