ಹೆಚ್ಚುವರಿ ಬೆಳಕು

ಪಾಟಣದ ಗುಠಿ ಕಚೇರಿ, ಎರಡನೇ ಮಹಡಿ.
ನನ್ನ ಮೇಜಿಗೆ ಒಂದು ಕಾಲು ಕುಂಟು;
ಅದರಡಿ ಮಡಿಸಿ ತುರುಕಿದ್ದು
ಯಾವುದೋ ದೇವರ ಹಳೇ ಅರ್ಜಿ.

ಮುಜರಾಯಿ ಗುಮಾಸ್ತ ನಾನು. ಈ ಊರಿನವನಲ್ಲ.
ಇವರ ನೇವಾರಿ ಮಾತು ಅರ್ಧ ತಿಳಿಯುತ್ತದೆ,
ಬೈದದ್ದಾದರೆ ಪೂರ್ತಿ.

ಎರಡು ತಿಂಗಳಿಗೊಮ್ಮೆ, ಸಂಕ್ರಾಂತಿಯ ಮಾರನೆಗೆ,
ನ್ಹುಛೆಮಾಯಾ ಮಾನಂಧರ್ ಮೆಟ್ಟಿಲೇರಿ ಬರುತ್ತಾಳೆ.
ಗಾಣದವರ ಮನೆತನ. ಗಾಣ ಮಾರಿ ಇಪ್ಪತ್ತು ವರ್ಷ;
ಅಂಗೈ ಗೆರೆಯಿಂದ ಸಾಸಿವೆ ಇನ್ನೂ ಹೋಗಿಲ್ಲ.
ಗಲ್ಲಿಯ ನಾರಾಯಣನಿಗೆ ಸಂಜೆದೀಪದ ಬಾಬ್ತು
ತಿಂಗಳಿಗೆ ಏಳೂವರೆ ರೂಪಾಯಿ.
ಎಂಟಾಣೆ ಈಗ ಎಲ್ಲಿದೆ? ಅದಕ್ಕೇ
ಎರಡು ತಿಂಗಳದ್ದು ಕೂಡಿಸಿ ಹದಿನೈದು.

ಇಸವಿ ಎರಡು ಸಾವಿರದ ಇಪ್ಪತ್ತಾರರಲ್ಲಿ ಗೊತ್ತುಮಾಡಿದ ದರ—
ವಿಕ್ರಮ ಲೆಕ್ಕದ ಇಪ್ಪತ್ತಾರು, ಮೋಸಹೋಗಬೇಡಿ,
ನನ್ನಪ್ಪನಿಗೆ ಆಗ ಮೀಸೆ ಮೊಳೆತಿರಲಿಲ್ಲ.
ಅಂದು ಅಷ್ಟಕ್ಕೆ ಡಬ್ಬಿ ತುಂಬ ಎಣ್ಣೆ, ಬತ್ತಿ,
ಮೇಲೊಂದು ಬೆಲ್ಲದಚ್ಚು.
ಇಂದು ಅವಳು ಬಂದ ಟೆಂಪೋಗೂ ಸಾಲದು.

‘ಯಾಕಜ್ಜಿ ಬರ್ತೀಯ?’
‘ಬರದಿದ್ರೆ “ಪಡೆಯುವವರಿಲ್ಲ” ಅಂತ ಬರೆದು
ಮುಚ್ಚಿಬಿಡ್ತೀರಿ, ಬಾಬು.
ಅವನ ಹೆಸರು ಖಾತೆಯಲ್ಲಿರಲಿ.’

ಒಂದು ಬಿಸಿಲಿಲ್ಲದ ಮಧ್ಯಾಹ್ನ ಹಳೇ ಕಡತ ಬಿಚ್ಚಿದೆ.
ಇಮಾಡೋಲಿನಲ್ಲಿ ಹನ್ನೊಂದು ರೋಪನಿ ಸಾಸಿವೆ ಹೊಲ,
ದೀಪಕ್ಕೆಂದೇ ಬಿಟ್ಟದ್ದು, ಮುಟ್ಟಿದವನ ವಂಶಕ್ಕೆ ಶಾಪ ಸಮೇತ.
ಈಗಲ್ಲಿ ಬಣ್ಣದ ಗೋದಾಮು, ಡ್ರೈವಿಂಗ್ ಶಾಲೆ,
ನೀಲಿ ಗಾಜಿನ ಮನೆಯೊಂದು.
ಎಂಟು ರೋಪನಿ ಹೋದದ್ದು ನಮ್ಮ ಮೊಹರಿನಡಿ.
ಉಳಿದ ಮೂರು, ನಮಗಿಂತ ಮೊದಲೇ,
ಅವಳ ಮಾವನ ಅಪ್ಪ ತಿಹಾರದ ಜೂಜಿನಲ್ಲಿ, ಕವಡೆಗೆ.
ಬೇಲಿಯೇ ಹೊಲ ಮೇಯ್ತು ಅನ್ನುತ್ತಾರೆ ಗಲ್ಲಿಯವರು;
ಸರಿಯೇ. ಆದರೆ ಬೇಲಿ ಹಾಕುವ ಮುಂಚಿನ
ಹಲ್ಲಿನ ಗುರುತೂ ಅಲ್ಲಿದೆ.
ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಕಾರ್ತಿಕದಲ್ಲಿ ಲೆಕ್ಕ ತಪಾಸಣೆಯವರು ಬಂದರು.
ಕೆಟ್ಟವರಲ್ಲ, ಸಕ್ಕರೆ ಕಾಯಿಲೆ, ಸಂಜೆ ನಡೆಯುವ ಅಭ್ಯಾಸ.
ನಡೆಯುತ್ತ ಆ ಗಲ್ಲಿಗೆ ಹೋಗಿದ್ದಾರೆ,
ರಾತ್ರಿ ಒಂಬತ್ತಕ್ಕೂ ದೀಪ ಉರಿಯುತ್ತಿತ್ತಂತೆ.
ಬೆಳಿಗ್ಗೆ ಕ್ಯಾಲ್ಕುಲೇಟರ್ ಒತ್ತಿ ಬರೆದರು:
ಆಕ್ಷೇಪಣೆ ಮೂವತ್ತನಾಲ್ಕು.
ಮಂಜೂರಾದ ಮೊತ್ತಕ್ಕೆ ಇಂದಿನ ಬೆಲೆಯಲ್ಲಿ ಸಿಗುವ ಎಣ್ಣೆ
ದಿನಕ್ಕೆ ಎಂಟು ನಿಮಿಷಕ್ಕೆ ಸಾಕು.
ಹೆಚ್ಚುವರಿ ಬೆಳಕಿನ ಮೂಲ ಯಾವುದು?
ದಾಖಲಾಗದ ದೇಣಿಗೆಯಿದ್ದಲ್ಲಿ ವಸೂಲು ಮಾಡಿ
ಸಂಸ್ಥಾನಕ್ಕೆ ಜಮಾ ಮಾಡತಕ್ಕದ್ದು.

ಕರೆಸಿದೆ. ಓದಿ ಹೇಳಿದೆ.
ಅವಳು ಶಾಲು ಸರಿಪಡಿಸಿಕೊಂಡಳು.
‘ಬರಕೊಳ್ಳಿ. ಮೊದಲ ಎಂಟು ನಿಮಿಷ ಸರಕಾರದ್ದು.’
‘ಆಮೇಲಿನದು?’
‘ಸೊಸೆಯ ಅಡಿಗೆಮನೆಯದು.
ಅವಳಿಗೆ ಮಾತ್ರ ನೋಟೀಸು ಕಳಿಸಬೇಡಿ.’

ಅಂದೇ ಸಂಜೆ ಹೋಗಿ ನಿಂತೆ, ಟೋಪಿ ಕಿವಿಗೆಳೆದು,
ಗುರುತು ಹಿಡಿದಾರೆಂಬ ನಾಚಿಕೆಗೆ.
ಹುಡುಗರು ಗೋಲಿಯಾಡುತ್ತಿದ್ದರು.
ಮೂಗು ಸವೆದ ನಾರಾಯಣ, ಸೊಂಟಕ್ಕೆ ಕಬ್ಬಿಣದ ಪಟ್ಟಿ,
ಕಳವಾಗದಂತೆ ನಾವೇ ಬಿಗಿಸಿದ್ದು.
ಬತ್ತಿ ಹತ್ತಿತು. ಗಡಿಯಾರ ನೋಡಿಕೊಂಡೆ.
ಎಂಟು ಕಳೆದು ಒಂಬತ್ತನೆಯದಕ್ಕೆ ಬಂದಾಗ
ಜ್ವಾಲೆಯಲ್ಲಿ ಗೆರೆಯೇನೂ ಕಾಣಲಿಲ್ಲ.

ಆಕ್ಷೇಪಣೆ ಇನ್ನೂ ಇತ್ಯರ್ಥವಾಗಿಲ್ಲ.
ಮೊನ್ನೆ ಹದಿನೈದು ರೂಪಾಯಿಗೆ ಹೆಬ್ಬೆಟ್ಟು ಒತ್ತಿ ಹೋದಳು.
ಶಾಯಿ ಆರಿತು. ಎಣ್ಣೆ ಆರಲಿಲ್ಲ,
ಹಾಳೆ ದಾಟಿ ಕೆಳಗಿನದಕ್ಕಿಳಿಯಿತು.
ಅಲ್ಲಿ ಬೇರೆ ದೇವರ ಲೆಕ್ಕ:
ಆ ತೂತಿನಂಥ ಹೊಳಪಿನಲ್ಲಿ
ಒಂದು ಮೇಕೆ, ನಲವತ್ತು ರೂಪಾಯಿ,
ಸ್ಪಷ್ಟವಾಗಿ ಓದಬಹುದು.