ತಣ್ಣಗಿನ ನಳಿಗೆಯ ಮೊದಲ ಗುಂಡು

ಕುಹ್ಮೊ ಊರಿನಲ್ಲಿ ಬರ್ಚ್ ಎಲೆ ಹಳದಿಗಟ್ಟಿದ ವಾರ
ಆರ್ಮಾಸ್ ಹೈಕ್ಕಿನೆನ್ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ತಂದು
ನನ್ನ ಮೇಜಿನ ಮೇಲೆ ಮಲಗಿಸಿದ, ಕಾಲು ಉಳುಕಿದ ನಾಯಿಯ ಹಾಗೆ.
"ಸುಳ್ಳು ಹೇಳುತ್ತಿದೆ, ಸಿರ್ಕಾ," ಅಂದ.
ಅವನ ಮಟ್ಟಿಗೆ ಅದು ಭಾಷಣ.

ಜೇಬಿನಿಂದ ಮಡಿಸಿದ ಗುರಿಕಾಗದ ತೆಗೆದ. ಐದು ತೂತು.
ಮೊದಲೆರಡು ಒಂದಕ್ಕೊಂದು ಅಂಟಿಕೊಂಡು,
ಮೂರನೆಯದು ಬಲಕ್ಕೆ, ತುಸು ಮೇಲಕ್ಕೆ,
ನಾಲ್ಕನೆಯದು ಇನ್ನೂ ಬಲಕ್ಕೆ.
ಐದನೆಯದು ಮಾತ್ರ ಕೆಳಗೆಲ್ಲೋ,
ಬೇರೆ ಮದುವೆಗೆ ಹೊರಟವನು ಇಲ್ಲಿ ಉಣ್ಣಲು ಕೂತ ಹಾಗೆ.

ಅಂಗಳ ಡೊಂಕೆಂದು ದೂರುತ್ತ ಬರುವವರೇ ಹೆಚ್ಚು ನನ್ನಲ್ಲಿಗೆ.
ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದು:
ಕೆಲವು ಸಲ ಅಂಗಳವೂ ಡೊಂಕಿರುತ್ತದೆ.
ಆದ್ದರಿಂದ ಮೊದಲು ಅಂಗಳ.

ಸ್ಕೋಪಿನ ಬಳೆ ಅಲುಗಲಿಲ್ಲ. ಹಿಂದಿನ ಸ್ಕ್ರೂ ಬಿಗಿ.
ಮುಂದಿನದು ಬೆರಳಿಗೇ ಕಾಲು ಸುತ್ತು ತಿರುಗಿತು,
ಕೇಳುವ ಮೊದಲೇ ಹೂಂ ಅಂದಂತೆ.
ನಳಿಗೆಯೊಳಗೆ ಮದ್ದು ಸವರಿದ ಬಟ್ಟೆ ಹಾಯಿಸಿದೆ: ನೀಲಿ.
ಮತ್ತೆ ನೀಲಿ. ಆಮೇಲೆ ತಿಳಿನೀಲಿ.
ಹೋದ ಗುಂಡುಗಳೆಲ್ಲ ಉಜ್ಜಿ ಬಿಟ್ಟ ತಾಮ್ರ.
ಏಳನೆಯ ತುಂಡು ಬೆಳ್ಳಗೆ ಬಂತು.

ಐದು ಯೂರೋ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ
ಹಿಂದಕ್ಕೆ ಎಳೆದೆ. ಅರ್ಧ ದಾರಿ ಸಲೀಸು.
ಆಮೇಲೆ ಸಿಕ್ಕಿಕೊಂಡಿತು.
"ಮಳೆಯಲ್ಲಿ ನೆನೆದಿತ್ತೇ?"
"ಹೋದ ಅಕ್ಟೋಬರ್. ಎರಡು ದಿನ."
ಕಡಿದು ಅರವತ್ತು ವರ್ಷವಾದರೂ ಅಕ್ರೋಟು ಮರ ಮರವೇ,
ನೀರು ಕುಡಿದರೆ ಉಬ್ಬುತ್ತದೆ, ಎಡಕ್ಕೆ ಒರಗುತ್ತದೆ,
ಕಾದ ನಳಿಗೆ ಅದರಿಂದ ಮೈ ಸರಿಸಿಕೊಳ್ಳುತ್ತದೆ,
ಕೂದಲೆಳೆಯಷ್ಟು. ನೂರು ಮೀಟರಿಗೆ ಅದು ಒಂದು ಗೇಣು.

ಕೋಲಿಗೆ ಮರಳುಕಾಗದ ಸುತ್ತಿ ಉಜ್ಜಿದೆ.
ಎರಡು ಸಲ ಕಾಫಿಯಾಯಿತು.
ಅವನು ಕಿಟಕಿಯಾಚೆ ನೋಡುತ್ತಲೇ ಕೂತಿದ್ದ.
ನೋಟು ಕೊನೆಯವರೆಗೂ ಓಡಿದಾಗ ಹಸಿ ಮರಕ್ಕೆ ಎಣ್ಣೆ ಕುಡಿಸಿ,
"ಶನಿವಾರ ಬಾ," ಅಂದೆ.

ಶನಿವಾರ, ಜಲ್ಲಿ ತೆಗೆದ ಹಳ್ಳದಲ್ಲಿ, ಗಾಳಿಯಿಲ್ಲ.
ನಾಲ್ಕು ಗುಂಡು ಒಂದು ಬೊಗಸೆ ಹುರುಳಿಯಂತೆ ಒಟ್ಟಿಗೆ.
ಐದನೆಯದು ಕೆಳಗೆ.

ಈಗ ಅಂಗಳ ನೆಟ್ಟಗಿದೆಯಲ್ಲ.

ಅವನು ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದಾಗ
ಮದ್ದಿಲ್ಲದ ತೋಟಾ ಒಂದನ್ನು ಉಳಿದವುಗಳ ನಡುವೆ ಸೇರಿಸಿಟ್ಟೆ.
ಮೋಸವೇ. ಕಸುಬಿನಲ್ಲಿ ನಾನು ಮಾಡುವುದು ಇದೊಂದೇ.

ಬೋಲ್ಟ್ ಮುಂದೂಡಿದ. ಉಸಿರು ಬಿಟ್ಟ. ಕುದುರೆ ಒತ್ತಿದ.

ಟಕ್.

ಸಿಡಿತವಿಲ್ಲ, ಒದೆತವಿಲ್ಲ. ಆದರೂ ನಳಿಗೆಯ ತುದಿ
ಬೈಸಿಕೊಂಡ ಹುಡುಗನ ತಲೆಯಂತೆ ತಗ್ಗಿತು.
ಅವನ ಕಣ್ಣು ಮುಚ್ಚಿದ್ದವು.

ಬಹಳ ಹೊತ್ತು ಕಾಗೆಯೊಂದೇ ಮಾತಾಡಿತು.
ಆಮೇಲೆ ಅವನು: "ಜವುಗಿನಂಚಿನಲ್ಲಿ ಮೂಸ್. ಕೆಳಗೆ ಬಿತ್ತು ನನ್ನ ಗುಂಡು.
ಮುಂಗಾಲು. ಮಳೆ ರಕ್ತವನ್ನು ತೊಳೆದುಬಿಡುತ್ತಿತ್ತು,
ನಾಯಿಗೂ ವಾಸನೆ ಸಿಗದು.
ಎರಡನೆಯ ಸಂಜೆ ಸಿಕ್ಕಿತು.
ಇನ್ನೂ ನಿಂತಿತ್ತು."

ಬೋಲ್ಟ್ ಹಿಂದೆಳೆದು ಪೊಳ್ಳು ತೋಟಾ ಹೊರಗೆ ತೆಗೆದ,
ಕೈಯಲ್ಲಿ ತೂಗಿ ನೋಡಿದ.

ಮರ ಉಜ್ಜಿದ್ದಕ್ಕಷ್ಟೇ ಬಿಲ್ಲು ಬರೆದೆ.
ಪೊಳ್ಳು ತೋಟಾ ಆರು ಕೊಟ್ಟು ಹೇಳಿದೆ:
ನಳಿಗೆಯ ಮೇಲೆ ನಾಣ್ಯ ಇಡು. ಗೋಡೆಗೆ ಗುರಿಯಿಡು. ಒತ್ತು.
ನಾಣ್ಯ ಬೀಳದ ದಿನ ಕಾಡಿಗೆ ಹೋಗು.

ನವೆಂಬರಿನಲ್ಲಿ, ಅಂಗಡಿಯ ಸಾಲಿನಲ್ಲಿ, ಅವನ ಹೆಂಡತಿ ಆಉನೆ
ಬುಟ್ಟಿಯಲ್ಲಿ ಹಾಲು, ರೈ ರೊಟ್ಟಿ. ಪಿಸುಗುಟ್ಟಿದಳು:
"ಏನು ಮಾಡಿದೆ ಅವನಿಗೆ? ರಾತ್ರಿಯೆಲ್ಲ ಅಡುಗೆಮನೆಯಲ್ಲಿ
ಚಿಲ್ಲರೆ ಉರುಳುವ ಸದ್ದು."

"ಈಗಲೂ?"

"ಕಡಿಮೆಯಾಗಿದೆ," ಅಂದಳು. "ನಿಂತಿಲ್ಲ."